ಒತ್ತಕ್ಷರದಿಂದ ಶುರು ಮಾಡಿ: ಗ್ರಾಫಿಕ್ ಡಿಸೈನ್ ಓದುವ ಆಸೆ ಇರುವ ನಮ್ಮ ಕಡೆಯ ಮಕ್ಕಳಿಗೆ

ಪಿಯುಸಿ ಫಲಿತಾಂಶ ಬಂದ ವಾರ ಬಾಗಲಕೋಟೆ ನವನಗರದ ನನ್ನ ಪುಟ್ಟ ಆಫೀಸಿನ ಮುಂದೆ ಒಂದಾದರೂ ಬೈಕು ಬಂದು ನಿಲ್ಲುತ್ತದೆ. ಅಪ್ಪ ಮುಂದೆ, ಮಗಳೋ ಮಗನೋ ಹಿಂದೆ. ಕೈಯಲ್ಲಿ ಒಂದು ಡ್ರಾಯಿಂಗ್ ಪುಸ್ತಕ. “ಇವಳಿಗೆ ಚಿತ್ರ ಭಾಳ ಚಲೋ ಬರ್ತಾವ್ರಿ. ಕಂಪ್ಯೂಟರ್‌ನ್ಯಾಗ ಡಿಸೈನ್ ಮಾಡೋದು ಕಲೀತೀನಿ ಅಂತಾಳ. ಅದಕ್ಕ ಕಾಲೇಜ್ ಅಂತ ಇರ್ತಾವೇನ್ರಿ? ಮುಂದ ಹೊಟ್ಟಿ ತುಂಬ್ತದೇನ್ರಿ?”

ಕಾಲೇಜುಗಳಿವೆ. ಹೊಟ್ಟೆಯೂ ತುಂಬುತ್ತದೆ. ಆದರೆ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ಓದಿದ್ದು, ಎಡವಿದ್ದು, ಈಗ ದಿನಾ ಮಾಡುವುದು ಎಲ್ಲವೂ ಇದರಲ್ಲಿದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಅತಿ ಹೆಚ್ಚು ಮಕ್ಕಳು ದಾರಿ ತಪ್ಪುವುದು ಇಲ್ಲೇ. ಕೋರ್ಸುಗಳ ಹೆಸರು ಕೇಳಲು ಒಂದೇ ಥರ ಇರುತ್ತವೆ, ಒಳಗಿನ ಪಾಠ ಬೇರೆ ಬೇರೆ.

‘ಸಮೂಹ ಸಂವಹನ’ ಎಂದರೆ ಪತ್ರಿಕೋದ್ಯಮ. ಸುದ್ದಿ ಬರೆಯುವುದು, ವರದಿ, ರೇಡಿಯೋ, ಟಿವಿ, ಜಾಹೀರಾತು, ಸಾರ್ವಜನಿಕ ಸಂಪರ್ಕ ಇಲ್ಲಿ ಬರುತ್ತವೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲೂ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೂ ಈ ವಿಭಾಗ ಇದೆ. ಒಳ್ಳೆಯ ಓದು. ಆದರೆ ಅಲ್ಲಿ ಪುಟ ವಿನ್ಯಾಸ, ಗ್ರಾಫಿಕ್ಸ್ ಒಂದೆರಡು ಪೇಪರ್‌ನಷ್ಟೇ ಇರುತ್ತದೆ.

‘ಕಮ್ಯುನಿಕೇಷನ್ ಡಿಸೈನ್’ ಅಥವಾ ‘ವಿಷುವಲ್ ಕಮ್ಯುನಿಕೇಷನ್’ ಎಂದರೆ ನಿಮ್ಮ ಮನಸ್ಸಿನಲ್ಲಿರುವ ಓದು. ಲೋಗೋ, ಪುಸ್ತಕ, ಪೊಟ್ಟಣ, ಪೋಸ್ಟರ್, ಆಪ್‌ನ ಪರದೆ, ದಾರಿ ತೋರಿಸುವ ಫಲಕ, ಅಕ್ಷರ ವಿನ್ಯಾಸ ಇವೆಲ್ಲ ಅದರಲ್ಲಿ ಬರುತ್ತವೆ. ಇದು ಹೆಚ್ಚಾಗಿ ಬಿ.ಡೆಸ್ ಎಂಬ 4 ವರ್ಷದ ಪದವಿಯಲ್ಲಿ ಸಿಗುತ್ತದೆ.

ಇನ್ನೊಂದು ದಾರಿ ಬಿವಿಎ, ಅಂದರೆ ದೃಶ್ಯಕಲಾ ಪದವಿ. ಇಲ್ಲಿ ತುಂಬಾ ಜನ ಒಂದು ಕಡೆ ಮೋಸ ಹೋಗುತ್ತಾರೆ, ಗಮನವಿಟ್ಟು ಓದಿ. ಬಿವಿಎಯಲ್ಲಿ ‘ಗ್ರಾಫಿಕ್ಸ್’ ಎಂಬ ವಿಭಾಗ ಇದ್ದರೆ ಅದು ಗ್ರಾಫಿಕ್ ಡಿಸೈನ್ ಅಲ್ಲ. ಅದು ಅಚ್ಚಿನ ಕಲೆ. ಮರ ಕೆತ್ತಿ, ಸತುವಿನ ತಗಡನ್ನು ಆಸಿಡ್‌ನಲ್ಲಿ ಕೊರೆದು, ಮಸಿ ಹಚ್ಚಿ ಕಾಗದದ ಮೇಲೆ ಒತ್ತುವ ಕೆಲಸ. ಸುಂದರವಾದ ಕಲೆ, ಆದರೆ ನೀವು ಹುಡುಕುತ್ತಿರುವುದು ಅದಲ್ಲ. ನಿಮಗೆ ಬೇಕಾದದ್ದು ‘ಅಪ್ಲೈಡ್ ಆರ್ಟ್’, ಕನ್ನಡದಲ್ಲಿ ಅನ್ವಯಿಕ ಕಲೆ. ನನ್ನ ಜೊತೆ ಓದಿದ ಒಬ್ಬ ಹುಡುಗ ಈ ಹೆಸರು ನಂಬಿ ಗ್ರಾಫಿಕ್ಸ್ ತೆಗೆದುಕೊಂಡ. ಗೊತ್ತಾಗುವಷ್ಟರಲ್ಲಿ ಒಂದು ವರ್ಷ ಹೋಗಿತ್ತು.

ಚಿತ್ರಕಲಾ ಕಾಲೇಜುಗಳು ಗದಗ, ಹುಬ್ಬಳ್ಳಿ, ಧಾರವಾಡ, ಕಲಬುರಗಿಯಲ್ಲಿವೆ. ಮೈಸೂರಿನ ಕಾವಾ ಇದೆ, ಅದರ ಬೇರು 1908ರ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿದೆ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇದೆ. ಎಲ್ಲ ಕಡೆ ಅಪ್ಲೈಡ್ ಆರ್ಟ್ ಇರಲೇಬೇಕು ಅಂತೇನಿಲ್ಲ. ಅರ್ಜಿ ಹಾಕುವ ಮೊದಲು ಕೇಳಿ ಖಚಿತ ಮಾಡಿಕೊಳ್ಳಿ.

ಇನ್ನು ಬಸ್ ಸ್ಟ್ಯಾಂಡ್ ಪಕ್ಕದ ಮೂರು ತಿಂಗಳ ಡಿಟಿಪಿ ಕೋರ್ಸು. ಅದು ಟೈಪಿಂಗ್ ಮತ್ತು ಸಾಫ್ಟ್‌ವೇರ್ ಕಲಿಸುತ್ತದೆ. ಮನೆಯ ಪರಿಸ್ಥಿತಿ ನೋಡಿ ಬೇಗ ದುಡಿಯಲೇಬೇಕಾದವರಿಗೆ ಅದೂ ಗೌರವದ ದಾರಿಯೇ. ಅದನ್ನು ಮುಗಿಸಿ ಪ್ರೆಸ್ ಸೇರಿ, ಆಮೇಲೆ ಪದವಿ ಓದಿದವರನ್ನೂ ನಾನು ನೋಡಿದ್ದೇನೆ.

ಪಿಯುಸಿಯಲ್ಲಿ ಇರುವಾಗಲೇ

ಸೈನ್ಸ್ ತೆಗೆದುಕೊಂಡರೆ ಮಾತ್ರ ಡಿಸೈನ್ ಎಂಬ ಮಾತು ಸುಳ್ಳು. ಕಲೆ, ವಾಣಿಜ್ಯ ಓದಿದವರಿಗೂ ಹೆಚ್ಚಿನ ಕಡೆ ಅವಕಾಶ ಇದೆ. ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿದ್ದರೆ ಆ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೂ ಚಿಂತೆ ಇಲ್ಲ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದುಬಾರಿಯದು ಬೇಡ, ಗೆರೆ ಇಲ್ಲದ ನೂರು ಪುಟದ್ದು ಸಾಕು. ದಿನಕ್ಕೊಂದು ಪುಟ ಕಣ್ಣೆದುರು ಇರುವುದನ್ನೇ ಬಿಡಿಸಿ. ಮನೆಯ ಮಿಕ್ಸರ್, ಎತ್ತಿನ ಕೊಂಬು, ರೊಟ್ಟಿ ಬಡಿಯುತ್ತಿರುವ ಅವ್ವನ ಕೈ, ಬಸ್ಸಿನಲ್ಲಿ ತೂಕಡಿಸುತ್ತಿರುವ ಅಜ್ಜ. ಫೋಟೋ ನೋಡಿ ನಟರ ಮುಖ ಬಿಡಿಸುವುದನ್ನು ಸ್ವಲ್ಪ ದಿನ ಬಿಡಿ. ಪ್ರವೇಶ ಪರೀಕ್ಷೆಯಲ್ಲಿ ನಕಲು ಮಾಡುವ ಕೈಗಿಂತ ನೋಡುವ ಕಣ್ಣಿಗೆ ಬೆಲೆ ಜಾಸ್ತಿ. ‘ಸಂತೆಯಲ್ಲಿ ಮಳೆ ಬಂತು, ಚಿತ್ರ ಬಿಡಿಸಿ’ ಅಂತ ಕೇಳಿದರೆ, ನಿಜವಾಗಿ ಸಂತೆ ನೋಡಿದವರು ಹಳದಿ ತಾಡಪಾಲಿನ ಮೇಲೆ ನಿಂತ ನೀರನ್ನು ಕೋಲಿನಿಂದ ಎತ್ತಿ ಚೆಲ್ಲುವವನನ್ನು ಬಿಡಿಸುತ್ತಾರೆ. ನೋಡದವರು ಕೊಡೆ ಬಿಡಿಸುತ್ತಾರೆ.

ಪ್ರವೇಶ ಪರೀಕ್ಷೆಗಳು

ಮುಖ್ಯವಾದವು ಮೂರು. ಯುಸೀಡ್ ಪರೀಕ್ಷೆಯನ್ನು ಐಐಟಿ ಬಾಂಬೆ ನಡೆಸುತ್ತದೆ. ಐಐಟಿಗಳ ಬಿ.ಡೆಸ್ ಸೀಟಿಗೆ ಇದೇ ಬಾಗಿಲು. ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ, ಪರೀಕ್ಷೆ ಜನವರಿಯಲ್ಲಿ. ಒಂದು ಭಾಗ ಕಂಪ್ಯೂಟರ್ ಮೇಲೆ, ಇನ್ನೊಂದರಲ್ಲಿ ಕೈಯಿಂದ ಬಿಡಿಸಬೇಕು. ಎರಡೇ ಸಲ ಬರೆಯಬಹುದು, ಅದೂ ಸತತ ವರ್ಷಗಳಲ್ಲಿ. ಎರಡನೆಯದು ಎನ್‌ಐಡಿಯ ಪರೀಕ್ಷೆ. 1961ರಲ್ಲಿ ಅಹಮದಾಬಾದಿನಲ್ಲಿ ಶುರುವಾದ ರಾಷ್ಟ್ರೀಯ ಡಿಸೈನ್ ಸಂಸ್ಥೆ ಅದು. ಮೊದಲ ಸುತ್ತು ದಾಟಿದವರಿಗೆ ಎರಡನೇ ಸುತ್ತಿನಲ್ಲಿ ಕಾಗದ, ದಾರ, ತಂತಿ ಇಂಥವು ಕೊಟ್ಟು ಏನಾದರೂ ಮಾಡಿಸುತ್ತಾರೆ. ಮೂರನೆಯದು ನಿಫ್ಟ್, ಅಂದರೆ ರಾಷ್ಟ್ರೀಯ ಫ್ಯಾಷನ್ ಸಂಸ್ಥೆಯ ಪರೀಕ್ಷೆ. ಆ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ ನಮಗೆ ಹತ್ತಿರ, ಅಲ್ಲಿ ಫ್ಯಾಷನ್ ಕಮ್ಯುನಿಕೇಷನ್ ಎಂಬ ಕೋರ್ಸು ನೋಡಿ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. ಯುಸೀಡ್, ನಿಫ್ಟ್ ಪ್ರಶ್ನೆಪತ್ರಿಕೆಗಳು ಕನ್ನಡದಲ್ಲಿ ಬರುವುದಿಲ್ಲ. ಅದಕ್ಕೆ ಹೆದರಬೇಡಿ, ಆದರೆ ಬೇಗ ಶುರು ಮಾಡಿ. ಯುಸೀಡ್‌ನ ಹಳೆಯ ಪ್ರಶ್ನೆಪತ್ರಿಕೆಗಳು ಅದರದೇ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ವಾರಕ್ಕೊಂದು ಗಡಿಯಾರ ಇಟ್ಟುಕೊಂಡು ಬಿಡಿಸಿ. ಮೊದಲ ಪಿಯುಸಿಯ ರಜೆಯಲ್ಲೇ ಶುರು ಮಾಡಿದರೆ ಜನವರಿಯ ಹೊತ್ತಿಗೆ ಮಾರ್ಚ್‌ನ ಬೋರ್ಡ್ ಪರೀಕ್ಷೆಯ ಜೊತೆ ಜಗ್ಗಾಟ ಆಗುವುದಿಲ್ಲ. ಬಿವಿಎ ಕಾಲೇಜುಗಳಲ್ಲಿ ಇಷ್ಟು ದೊಡ್ಡ ಪರೀಕ್ಷೆ ಇರುವುದಿಲ್ಲ. ಕಾಲೇಜೇ ಒಂದು ಚಿತ್ರ ಪರೀಕ್ಷೆ, ಸಂದರ್ಶನ ಇಡುತ್ತದೆ. ನಿಮ್ಮ ನೋಟ್‌ಬುಕ್ ಅಲ್ಲೇ ಕೆಲಸಕ್ಕೆ ಬರುತ್ತದೆ.

ಕಾಲೇಜು ನೋಡಲು ಹೋದಾಗ

ಕಟ್ಟಡ ನೋಡಬೇಡಿ. ಕೊನೆಯ ವರ್ಷದವರ ಕೆಲಸ ಗೋಡೆಯ ಮೇಲೆ ತೂಗು ಹಾಕಿದ್ದಾರಾ ನೋಡಿ. ಅಲ್ಲಿನ ಒಬ್ಬ ವಿದ್ಯಾರ್ಥಿಯನ್ನು ಕ್ಯಾಂಟೀನ್‌ಗೆ ಕರೆದು ಮೂರು ವಿಷಯ ಕೇಳಿ. ಮೊದಲನೆಯದು, ಮೇಷ್ಟ್ರು ನಿಮ್ಮ ಕೆಲಸವನ್ನು ಎಲ್ಲರ ಎದುರು ಕೂತು ತಿದ್ದುತ್ತಾರಾ? ಎರಡನೆಯದು, ಅಕ್ಷರದ ಬಗ್ಗೆ, ಅಂದರೆ ಟೈಪೋಗ್ರಫಿ, ಎಷ್ಟು ಸೆಮಿಸ್ಟರ್ ಪಾಠ ಇದೆ? ಮೂರನೆಯದು, ಕನ್ನಡದಲ್ಲಿ ಒಂದಾದರೂ ಪ್ರಾಜೆಕ್ಟ್ ಮಾಡಿದ್ದೀರಾ? ಮೂರನೆಯದಕ್ಕೆ ‘ಇಲ್ಲ’ ಅಂದರೂ ಸೇರಬಹುದು, ಅದನ್ನು ನೀವೇ ಮಾಡಿಕೊಳ್ಳಬಹುದು. ಮೊದಲನೆಯದಕ್ಕೆ ‘ಇಲ್ಲ’ ಅಂದರೆ ಯೋಚನೆ ಮಾಡಿ. ತಿದ್ದುವವರಿಲ್ಲದ ಕಡೆ ಶುಲ್ಕ ಕಟ್ಟುವುದು ಸುಮ್ನೆ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಬಿವಿಎ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಕಡಿಮೆಯಲ್ಲಿ ಮುಗಿಯುತ್ತದೆ. ಎನ್‌ಐಡಿ, ನಿಫ್ಟ್, ಖಾಸಗಿ ಡಿಸೈನ್ ಕಾಲೇಜುಗಳಲ್ಲಿ ಲಕ್ಷಗಳ ಲೆಕ್ಕ. ಶುಲ್ಕದ ಜೊತೆ ಹಾಸ್ಟೆಲ್, ಬಣ್ಣ-ಕಾಗದ, ಪ್ರಿಂಟ್ ಖರ್ಚು, ಲ್ಯಾಪ್‌ಟಾಪ್ ಸೇರಿಸಿ ನಾಲ್ಕು ವರ್ಷದ ಪೂರ್ತಿ ಮೊತ್ತ ಒಂದು ಹಾಳೆಯಲ್ಲಿ ಬರೆದು ಅಪ್ಪ-ಅವ್ವನ ಮುಂದಿಡಿ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಜಾತಿ-ಆದಾಯ ಪ್ರಮಾಣಪತ್ರವನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಟ್ಟುಕೊಳ್ಳಿ, ಜೂನ್‌ನಲ್ಲಿ ನಾಡಕಚೇರಿ ಮುಂದೆ ಸಾಲು ದೊಡ್ಡದಿರುತ್ತದೆ. ಶಿಕ್ಷಣ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ. 4 ಲಕ್ಷ ರೂಪಾಯಿವರೆಗೆ ಬ್ಯಾಂಕ್ ಹೊಲ-ಮನೆ ಅಡ ಕೇಳುವಂತಿಲ್ಲ. ಮ್ಯಾನೇಜರ್ ಕೇಳಿದರೆ ಈ ಮಾತನ್ನು ಗೌರವದಿಂದ, ಆದರೆ ಗಟ್ಟಿಯಾಗಿ ಹೇಳಿ.

ಸೇರಿದ ಮೇಲೆ: ಅಕ್ಷರ

ಈಗ ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯಕ್ಕೆ ಬಂದೆ. ಮೊದಲ ವರ್ಷ ಗೆರೆ, ಬಣ್ಣ, ಆಕಾರ, ಖಾಲಿ ಜಾಗ ಅಂತ ಪಾಠ ನಡೆಯುತ್ತದೆ. ಅಕ್ಷರದ ಪಾಠ ಶುರುವಾದಾಗ ಎಲ್ಲ ಉದಾಹರಣೆಗಳೂ ರೋಮನ್ ಅಕ್ಷರದವೇ ಇರುತ್ತವೆ. ಅದನ್ನು ಚೆನ್ನಾಗಿ ಕಲಿಯಿರಿ. ಆದರೆ ಅದೇ ದಿನ ಸಂಜೆ ರೂಮಿಗೆ ಬಂದು ಅದೇ ಪಾಠವನ್ನು ಕನ್ನಡದಲ್ಲಿ ಮಾಡಿ ನೋಡಿ. ರೋಮನ್ ಅಕ್ಷರ ಬಲ್ಲ ಡಿಸೈನರ್‌ಗಳು ದೇಶದ ತುಂಬಾ ಇದ್ದಾರೆ. ಕನ್ನಡದ ಒತ್ತಕ್ಷರವನ್ನು ಸರಿಯಾಗಿ ಕೂರಿಸಬಲ್ಲವರು ಕಡಿಮೆ. ಮುಂದೆ ಜನ ನಿಮ್ಮನ್ನು ಹುಡುಕಿಕೊಂಡು ಬರುವುದು ಅದಕ್ಕೇ.

ಒಂದು ಪ್ರಯೋಗ ಹೇಳುತ್ತೇನೆ. ‘ಸಂಗಮೇಶ್ವರ’ ಅಂತ ದೊಡ್ಡದಾಗಿ ಕಟ್ ನಿಬ್ಬಿನಿಂದ ಬರೆಯಿರಿ. ಈಗ ನೋಡಿ. ತಲೆಕಟ್ಟುಗಳು ಒಂದೇ ಗೆರೆಯಲ್ಲಿ ನಿಂತಿವೆಯಾ? ‘ಶ್ವ’ದ ಒತ್ತು ಅಕ್ಷರದ ಕೆಳಗೆ ಎಷ್ಟು ಇಳಿಯಿತು? ಅದರ ಕೆಳಗಿನ ಸಾಲಿನಲ್ಲಿ ‘ಶ್ರೀ’ಯ ದೀರ್ಘವೋ, ‘ಕಿ’ಯ ಗುಡಿಸೋ ಬಂದರೆ ಡಿಕ್ಕಿ ಹೊಡೆಯುತ್ತದೆ ಅಲ್ವಾ? ಅದಕ್ಕೇ ಕನ್ನಡದ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬೇಕು. 12 ಪಾಯಿಂಟ್ ಅಕ್ಷರಕ್ಕೆ ನಾನು ಸಾಮಾನ್ಯವಾಗಿ 18 ಪಾಯಿಂಟ್ ಅಂತರ ಕೊಡುತ್ತೇನೆ. ಇಂಗ್ಲಿಷ್ ಮತ್ತು ಕನ್ನಡ ಒಂದೇ ಫಲಕದಲ್ಲಿ ಬಂದಾಗ ಎರಡಕ್ಕೂ ಒಂದೇ ಅಳತೆ ಕೊಟ್ಟು ಬಿಡಬೇಡಿ. ಎರಡೂ ಕಣ್ಣಿಗೆ ಒಂದೇ ತೂಕ ಕಾಣುವವರೆಗೆ ಹಿಗ್ಗಿಸಿ ಕುಗ್ಗಿಸಿ. ಬೆಳಗಾವಿಯ ಅಂಗಡಿ ಬೋರ್ಡುಗಳ ಮುಂದೆ ಒಂದು ಸಂಜೆ ನಡೆಯಿರಿ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಒಂದೇ ತಗಡಿನ ಮೇಲೆ ಇರುತ್ತವೆ. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ 60% ಕನ್ನಡ ಇರಬೇಕು. ಅದರ ಜೊತೆ ಉಳಿದ ಲಿಪಿಯನ್ನು ಚೆಂದವಾಗಿ ಹೇಗೆ ಕೂರಿಸುವುದು? ಇದು ಒಂದು ಸೆಮಿಸ್ಟರ್ ಪೂರ್ತಿ ಮಾಡಬಹುದಾದ ಪ್ರಾಜೆಕ್ಟ್.

ರಜೆಗೆ ಊರಿಗೆ ಬಂದಾಗ ನಮ್ಮ ಸುತ್ತಲಿನದೇ ದೊಡ್ಡ ಪಾಠಶಾಲೆ. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನ ಬಂಡೆಯ ಮೇಲಿದೆ. ಉಳಿ ಹಿಡಿದ ಕೈ ಅಕ್ಷರವನ್ನು ಹೇಗೆ ದುಂಡಗೆ ತಿರುಗಿಸಿದೆ ನೋಡಿ. ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಬೆಳಗಿನ ಹೊತ್ತು ಹೋಗಿ. ಅಲ್ಲಿ ಕಿಟಕಿಯ ಜಾಲಿಯಲ್ಲಿ ಅಕ್ಷರಗಳನ್ನೇ ಕಲ್ಲಿನಲ್ಲಿ ಕೊರೆದಿದ್ದಾರೆ. ಅಕ್ಷರಗಳ ನಡುವಿನ ಖಾಲಿ ಜಾಗದಿಂದ ಬೆಳಕು ಒಳಗೆ ಬರುತ್ತದೆ. ಕಾಲೇಜಿನಲ್ಲಿ ‘ನೆಗೆಟಿವ್ ಸ್ಪೇಸ್’ ಎಂದು ಮೇಷ್ಟ್ರು ತಿಂಗಳುಗಟ್ಟಲೆ ಹೇಳಿದ್ದು ನನಗೆ ತಲೆಗೆ ಹೋಗಿರಲಿಲ್ಲ. ಆ ಕಿಟಕಿಯ ಮುಂದೆ ನಿಂತ ದಿನ ಹೋಯಿತು. ಇಳಕಲ್ ಸೀರೆಯನ್ನೂ ಹಾಗೇ ನೋಡಿ. ತೋಪು ತೆನೆ ಸೆರಗಿನಲ್ಲಿ ಕೆಂಪು, ಬಿಳಿ ಎರಡೇ ಬಣ್ಣ. ಆದರೂ ಜಾತ್ರೆಯ ಗುಂಪಿನಲ್ಲಿ ಐವತ್ತು ಹೆಜ್ಜೆ ದೂರದಿಂದ ‘ಅದು ಇಳಕಲ್’ ಅಂತ ಯಾರಾದರೂ ಹೇಳುತ್ತಾರೆ. ಒಂದು ಕಂಪನಿ ತನ್ನ ಗುರುತಿಗಾಗಿ ಬಯಸುವುದೂ ಅದನ್ನೇ.

ಸಾಫ್ಟ್‌ವೇರ್

ಇದಕ್ಕೆ ಜಾಸ್ತಿ ಹೇಳುವುದಿಲ್ಲ. ಫೋಟೋಶಾಪ್, ಇಲ್ಲಸ್ಟ್ರೇಟರ್, ಇನ್‌ಡಿಸೈನ್ ಕಾಲೇಜಿನ ಲ್ಯಾಬ್‌ನಲ್ಲಿ ಕಲಿಯಿರಿ. ಮನೆಯಲ್ಲಿ ಕದ್ದ ಪ್ರತಿ ಹಾಕಿಕೊಳ್ಳುವ ಬದಲು ಇಂಕ್‌ಸ್ಕೇಪ್, ಕ್ರೀಟಾ, ಸ್ಕ್ರೈಬಸ್ ಹಾಕಿಕೊಳ್ಳಿ. ಅವು ಉಚಿತ. ನಮ್ಮ ಕಡೆಯ ಪ್ರೆಸ್‌ಗಳಲ್ಲಿ ಕೋರೆಲ್‌ಡ್ರಾ ಇನ್ನೂ ಜೋರಾಗಿದೆ, ಅದನ್ನೂ ತಿಳಿದಿರಿ. 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು, ಮೊದಲ ವರ್ಷವೇ ಕೊಳ್ಳಬೇಕಿಲ್ಲ.

ಕನ್ನಡದ ಒಂದು ತೊಡಕು ಮಾತ್ರ ಬಿಡಿಸಿ ಹೇಳಲೇಬೇಕು. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ಥರ ಓದುವ ಅಕ್ಷರ ಸಂಕೇತದಲ್ಲಿಲ್ಲ. ಆ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಹೋಗಿ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಹೊಸ ಕೆಲಸವನ್ನು ಯೂನಿಕೋಡ್‌ನಲ್ಲೇ ಮಾಡಿ. ನೋಟೋ, ಅನೇಕ್, ಬಾಲೂ ತಮ್ಮ, ತಿರೋ, ಅಕಾಯ ಕನಡಕ, ಹುಬ್ಬಳ್ಳಿ ಹೆಸರಿನ ಕನ್ನಡ ಫಾಂಟುಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿವೆ. ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಒತ್ತು ಬಿಡಿಬಿಡಿಯಾಗಿ ಬಂದರೆ ಫಾಂಟಿನ ತಪ್ಪು ಅಂದುಕೊಳ್ಳಬೇಡಿ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ.

ಪ್ರೆಸ್‌ನಲ್ಲಿ ನಿಲ್ಲಿ

ಎರಡನೇ ವರ್ಷದ ರಜೆಯಲ್ಲಿ ನಾನು ಒಂದು ಪ್ರೆಸ್‌ನಲ್ಲಿ ಕೆಲಸಕ್ಕೆ ಸೇರಿದೆ. ಜಾತ್ರೆಯ ಕರಪತ್ರ, 2000 ಪ್ರತಿ. ಚೆಂದದ ಫಾಂಟು ಹುಡುಕಿ ರಾತ್ರಿ ಕೂತು ಮಾಡಿದೆ, ಫೈಲು ಕಳಿಸಿದೆ. ಬೆಳಿಗ್ಗೆ ಹೋದಾಗ ಕಟ್ಟು ಕಟ್ಟಿ ಇಟ್ಟಿದ್ದರು. ಮೇಲಿನ ಹಾಳೆ ತೆಗೆದು ನೋಡಿದೆ. ‘ಶ್‌ರೀ ಸಂಗಮೇಶ್‌ವರ ಜಾತ್‌ರೆ.’ ಅವರ ಮಷೀನಿನಲ್ಲಿ ಆ ಫಾಂಟು ಇರಲಿಲ್ಲ. ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟು ಬೇಡದ ಬರೀ ಆಕಾರಗಳಾಗಿ ಬದಲಿಸಿ ಕಳಿಸಬೇಕು ಅಂತ ನನಗೆ ಗೊತ್ತಿರಲಿಲ್ಲ. ಮಾಲೀಕರು ಬೈಯಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು, “ತಮ್ಮಾ, ದೇವರ ಹೆಸರನ್ಯಾಗಿನ ಒತ್ತ ಕಿತ್ತು ಹಾಕೀಯಲ್ಲೋ” ಅಂದರು. ಅವತ್ತು ರಾತ್ರಿ ಮತ್ತೆ ಪ್ಲೇಟ್ ಹಾಕಿ ಅಚ್ಚು ಹೊಡೆದೆವು. ಕಾಗದದ ದುಡ್ಡು ನನ್ನ ಪಗಾರದಲ್ಲಿ ಹೋಯಿತು. ಆ ಮಾತು ಇವತ್ತಿಗೂ ಪ್ರತಿ ಫೈಲು ಕಳಿಸುವಾಗ ಕಿವಿಯಲ್ಲಿ ಕೇಳುತ್ತದೆ.

ಆದ್ದರಿಂದ ಫೈಲು ಪ್ರೆಸ್‌ಗೆ ಹೋಗುವ ಮೊದಲು ಇಷ್ಟು ನೋಡಿಕೊಳ್ಳಿ. ಅಕ್ಷರಗಳನ್ನು ಕರ್ವ್ ಮಾಡಿದ ಪ್ರತಿ ಬೇರೆ, ತಿದ್ದಲು ಬರುವ ಮೂಲ ಪ್ರತಿ ಬೇರೆ ಇಡಿ. ಬಣ್ಣ ಸಿಎಂವೈಕೆಯಲ್ಲಿ, ಅಂದರೆ ಅಚ್ಚಿನ ನಾಲ್ಕು ಮಸಿಗಳ ಲೆಕ್ಕದಲ್ಲಿರಲಿ. ಪರದೆಯಲ್ಲಿ ಹೊಳೆಯುವ ನೀಲಿ ಕಾಗದದ ಮೇಲೆ ನೇರಳೆಗೆ ತಿರುಗುವುದುಂಟು. ಫೋಟೋಗಳು ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಇರಲಿ, ವಾಟ್ಸಾಪ್‌ನಲ್ಲಿ ಬಂದ ಫೋಟೋ ಬೇಡ. ಕತ್ತರಿಸುವ ಅಂಚಿನಾಚೆ ಸುತ್ತಲೂ 3 ಮಿಲಿಮೀಟರ್ ಬಣ್ಣ ಹೊರಗೆ ಚಾಚಿರಲಿ. ಸಣ್ಣ ಅಕ್ಷರಗಳು ಕಪ್ಪು ಮಸಿ ಒಂದರಲ್ಲೇ ಇರಲಿ. ನಾಲ್ಕೂ ಬಣ್ಣ ಬೆರೆಸಿದ ಕಪ್ಪಾದರೆ, ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ನೆರಳು ಬರುತ್ತದೆ. ಕೊನೆಗೆ, ಪ್ರೂಫನ್ನು ಡಿಸೈನ್ ಗೊತ್ತಿಲ್ಲದ ಒಬ್ಬರಿಂದ ಓದಿಸಿ. ಲಗ್ನಪತ್ರಿಕೆಯಾದರೆ ಆ ಮನೆಯ ಹಿರಿಯರಿಂದಲೇ ಓದಿಸಿ. ಹೆಸರುಗಳ ಕ್ರಮದಲ್ಲಿ ನಮಗೆ ಕಾಣದ ತಪ್ಪು ಅವರಿಗೆ ಕಾಣುತ್ತದೆ.

ಪ್ರೆಸ್‌ನಲ್ಲಿ ಮಷೀನ್ ಓಡಿಸುವ ಅಣ್ಣಂದಿರ ಹತ್ತಿರ ಕೂತು ಚಹಾ ಕುಡಿಯಿರಿ. 130 ಜಿಎಸ್‌ಎಂ ಆರ್ಟ್ ಪೇಪರ್ ಮಡಚಿದರೆ ಎಲ್ಲಿ ಬಿರಿಯುತ್ತದೆ, ಯಾವ ಕಾಗದ ಮಸಿ ಹೀರುತ್ತದೆ ಎಂಬುದನ್ನು ಅವರು ಬೆರಳಿನಿಂದ ಮುಟ್ಟಿ ಹೇಳುತ್ತಾರೆ.

ಪೋರ್ಟ್‌ಫೋಲಿಯೋ

ಕೆಲಸ ಕೊಡುವವರು ಅಂಕಪಟ್ಟಿಗಿಂತ ಮೊದಲು ಇದನ್ನು, ಅಂದರೆ ನೀವು ಮಾಡಿದ ಕೆಲಸಗಳ ಸಂಗ್ರಹವನ್ನು ಕೇಳುತ್ತಾರೆ. ಐದಾರು ಕೆಲಸ ಸಾಕು, ಇಪ್ಪತ್ತು ಬೇಡ. ದೊಡ್ಡ ಕಂಪನಿಯ ಲೋಗೋವನ್ನು ಹೊಸದಾಗಿ ಮಾಡಿದ್ದೇನೆ ಎಂದು ತೋರಿಸುವವರು ಸಾವಿರ ಜನ. ನಿಮ್ಮ ಊರಿನ ಒಂದು ನಿಜವಾದ ತೊಂದರೆ ಎತ್ತಿಕೊಳ್ಳಿ.

ನವನಗರವನ್ನೇ ನೋಡಿ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಮನೆಗಳು ಹೋದ ಮೇಲೆ ಕಟ್ಟಿದ ಊರು. ಬೀದಿಗೆ ಹೆಸರಿಗಿಂತ ಸೆಕ್ಟರ್ ನಂಬರೇ ಜಾಸ್ತಿ. ಹಳ್ಳಿಯಿಂದ ಆಸ್ಪತ್ರೆಗೆ ಬಂದ ಅಜ್ಜಿಗೆ ಆ ನಂಬರಿನಿಂದ ಏನೂ ತಿಳಿಯುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎರಡು ದಿನ ನಿಂತು, ಯಾರು ಯಾರನ್ನು ಏನು ದಾರಿ ಕೇಳುತ್ತಾರೆ ಬರೆದುಕೊಳ್ಳಿ. ಓದು ಬಾರದವರಿಗೂ ತಿಳಿಯುವ ಬಣ್ಣ, ಚಿತ್ರ, ದೊಡ್ಡ ಅಕ್ಷರದ ಫಲಕ ಮಾಡಿ. ರಟ್ಟಿನ ಮೇಲೆ ಅಂಟಿಸಿ ಅಲ್ಲೇ ಹಿಡಿದು ನಿಲ್ಲಿ. ಹತ್ತು ಜನರಲ್ಲಿ ಎಷ್ಟು ಜನಕ್ಕೆ ತಿಳಿಯಿತು? ತಿಳಿಯದವರು ಏನಂದರು? ತಿದ್ದಿದ್ದು ಹೇಗೆ? ಮೊದಲ ತಪ್ಪು ಫಲಕವನ್ನೂ ಪೋರ್ಟ್‌ಫೋಲಿಯೋದಲ್ಲಿ ಇಡಿ. ಸಂದರ್ಶನ ಮಾಡುವವರು ಆ ಪುಟದ ಮೇಲೆಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಟೆಂಟ್ ಹಾಕುತ್ತವೆ. ಅವರ ಪೋಸ್ಟರ್, ಬರೆಸಿದ ಪರದೆ, ಕರಪತ್ರಗಳ ಫೋಟೋ ತೆಗೆದು, ಅಕ್ಷರಗಳನ್ನು ಕೈಯಿಂದ ಬಿಡಿಸಿಕೊಂಡು ಒಂದು ಪುಟ್ಟ ಪುಸ್ತಕ ಮಾಡಬಹುದು. ಕೈಯಿಂದ ಬೋರ್ಡ್ ಬರೆಯುವ ಪೇಂಟರ್‌ಗಳು ನಮ್ಮ ಊರುಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಒಬ್ಬರ ಹತ್ತಿರ ಒಂದು ವಾರ ಬ್ರಷ್ ತೊಳೆದುಕೊಂಡು ನಿಂತರೂ, ‘ಕ’ದ ಹೊಟ್ಟೆಯನ್ನು ಒಂದೇ ಉಸಿರಿನಲ್ಲಿ ಹೇಗೆ ಎಳೆಯುತ್ತಾರೆ ಎಂಬುದು ನಿಮ್ಮ ಕೈಗೆ ಬರುತ್ತದೆ. ಅವರ ಒಪ್ಪಿಗೆ ಕೇಳಿ, ಅವರ ಹೆಸರು ನಿಮ್ಮ ಪುಸ್ತಕದಲ್ಲಿ ಹಾಕಿ.

ಸಂದರ್ಶನಕ್ಕೆ ಹೊರಟಾಗ

ಮೂರನೇ ವರ್ಷ ಮುಗಿಯುತ್ತಿದ್ದಂತೆ ಇಂಟರ್ನ್‌ಶಿಪ್‌ಗೆ ಬರೆಯಲು ಶುರು ಮಾಡಿ. ಡಿಸೈನ್ ಸ್ಟುಡಿಯೋಗಳಿಗೆ ಮಾತ್ರ ಅಲ್ಲ, ಪುಸ್ತಕ ಪ್ರಕಾಶಕರಿಗೆ, ಪತ್ರಿಕೆಗಳಿಗೆ, ಕನ್ನಡದಲ್ಲಿ ಆಪ್ ಮಾಡುವ ಕಂಪನಿಗಳಿಗೂ ಬರೆಯಿರಿ. ಪತ್ರದಲ್ಲಿ ನಾಲ್ಕು ಸಾಲು, ಒಂದು ಕೊಂಡಿ, ‘ಕನ್ನಡ ಅಕ್ಷರದ ಕೆಲಸ ಚೆನ್ನಾಗಿ ಬಲ್ಲೆ’ ಎಂಬ ಒಂದು ಮಾತು. ಊರಲ್ಲೇ ಬಿಡಿ ಕೆಲಸ ಹಿಡಿದರೆ ಅರ್ಧ ದುಡ್ಡು ಮುಂಗಡ ತೆಗೆದುಕೊಳ್ಳಿ, ಎಷ್ಟು ಸಲ ತಿದ್ದಿ ಕೊಡುತ್ತೀರಿ ಎಂದು ಮೊದಲೇ ಬರೆದುಕೊಡಿ. ಸಂಬಂಧಿಕರ ಕೆಲಸಕ್ಕೂ ಹೀಗೇ ಮಾಡಿ, ಮುನಿಸು ಬರುವುದಿಲ್ಲ.

ಬೆಂಗಳೂರಿಗೆ ಕರೆ ಬಂದರೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೆ. ವಿಜಯಪುರ, ಬಾಗಲಕೋಟೆ, ಬಾದಾಮಿ ಮೂರೂ ಕಡೆ ಹತ್ತಬಹುದು. ಪ್ರಿಂಟುಗಳನ್ನು ಮಡಚಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಅಡಿ ಪಿವಿಸಿ ಪೈಪು, ಎರಡು ಮುಚ್ಚಳ ಕೊಳ್ಳಿ. ಪ್ರಿಂಟುಗಳನ್ನು ಬಟರ್ ಪೇಪರ್ ಸುತ್ತಿ ಒಳಗೆ ಇಟ್ಟು, ಪೈಪಿನ ಮೇಲೆ ನಿಮ್ಮ ಹೆಸರು, ಫೋನ್ ನಂಬರ್ ದೊಡ್ಡದಾಗಿ ಕನ್ನಡದಲ್ಲಿ ಬರೆಯಿರಿ. ಸೀಟಿನ ಕೆಳಗೆ ಇಡಬೇಡಿ, ಅಲ್ಲಿ ನೀರು ಹರಿಯುತ್ತದೆ. ಮೇಲಿನ ಬರ್ತಿನಲ್ಲಿ ತಲೆಯ ಪಕ್ಕ ಇಟ್ಟುಕೊಂಡು ಮಲಗಿ.